ಕತ್ತರಿ ಚಾಚಾ ಬಿಟ್ಟ ಉಪವಾಸ

ಕ್ಷೌರದ ಅಂಗಡಿಯ ಕತ್ತರಿ ಚಾಚಾ ಹನ್ನೆರಡನೆಯ ವಯಸ್ಸಿನಿಂದ ರಂಜಾನಿನ ಒಂದು ಉಪವಾಸವನ್ನೂ ಬಿಟ್ಟವನಲ್ಲ. ಇದನ್ನು ಅವನೇ ಹೇಳುತ್ತಿದ್ದ, ಕುರ್ಚಿಯಲ್ಲಿ ಕೂತು ಕತ್ತು ಅಲ್ಲಾಡಿಸಲಾಗದ ಗಿರಾಕಿಗಳಿಗೆ. ಐವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಜೋರಾಗಿ ಇನ್ಸುಲಿನ್ ಸೂಜಿ ಶುರುವಾಯಿತು. "ಉಪವಾಸ ಬೇಡ, ಪ್ರಾಣಕ್ಕೇ ಅಪಾಯ" ಎಂದರು ಡಾಕ್ಟರಮ್ಮ. ಚಾಚಾ ತಲೆಯಾಡಿಸಿದ. ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಅವನ ಪದ್ಧತಿ.

ರಂಜಾನಿನ ಮೂರನೆಯ ದಿನ ಮಧ್ಯಾಹ್ನ ಮಸೀದಿಯ ಇಮಾಮರು ಕ್ಷೌರಕ್ಕೆ ಬಂದರು. ಮಗನ ವಯಸ್ಸಿನವರು. ಅವರ ಕತ್ತಿನ ಹಿಂದೆ ಕತ್ತಿ ಆಡಿಸುವಾಗ ಚಾಚಾನಿಗೆ ಕನ್ನಡಿಯಲ್ಲಿ ಇಬ್ಬರು ಇಮಾಮರು ಕಂಡರು. ಆಮೇಲಿನದು ಗೊತ್ತಿಲ್ಲ. ಕಣ್ಣು ಬಿಟ್ಟಾಗ ಊರವರ ಕೂದಲಿನ ಮೇಲೆ ಬಿದ್ದುಕೊಂಡಿದ್ದ. ಕಿವಿಯ ಹಿಂದೆ ಗೀರುಗಾಯವಾಗಿದ್ದ ಇಮಾಮರು ಸಕ್ಕರೆ ನೀರಿನ ಲೋಟ ಹಿಡಿದಿದ್ದರು.

"ಹಜರತ್, ಉಪವಾಸ ಮುರಿಯುತ್ತೆ."

"ಮೊದಲು ಕುಡೀರಿ."

ಕುಡಿದ. ಕೈಕಾಲಿಗೆ ಜೀವ ಬಂದಕೂಡಲೇ ವಾದಕ್ಕೆ ಕೂತ. "ಜ್ವರ ಬಂದವರು ಬಿಟ್ಟಿದ್ದನ್ನ ಆಮೇಲೆ ಹಿಡಿದು ತೀರಿಸ್ತಾರಲ್ಲ? ನಾನೂ ಹಾಗೇ ಮಾಡ್ತೀನಿ."

"ಜ್ವರ ಇಳಿಯುತ್ತೆ ಚಾಚಾ. ನಿಮ್ಮದು ಇಳಿಯುತ್ತಾ? ವಾಸಿಯಾಗದ ಕಾಯಿಲೆಗೆ ಫಿದ್ಯಾ ಇದೆ. ಬಿಟ್ಟ ಒಂದೊಂದು ದಿನಕ್ಕೂ ಒಬ್ಬ ಬಡವನಿಗೆ ಊಟ ಹಾಕಿ."

"ಸಹಿಸ್ಕೊಂಡು ಹಿಡಿದರೆ ಹೆಚ್ಚು ಪುಣ್ಯ ಅಲ್ವಾ?"

"ಜೀವಕ್ಕೆ ಕುತ್ತು ಅಂತ ಗೊತ್ತಿದ್ದೂ ಹಿಡಿದರೆ ಪಾಪ. ದೇವರು ಕೊಟ್ಟ ವಿನಾಯಿತೀನ ಬೇಡ ಅನ್ನೋಕೆ ನೀವ್ಯಾರು?" ಇಮಾಮರು ಕತ್ತು ಮುಟ್ಟಿ ನೋಡಿಕೊಂಡರು. "ಉಳಿದರ್ಧ ಕ್ಷೌರ ನಾಳೆ ಮಾಡಿ. ಊಟ ಮಾಡ್ಕೊಂಡು ಮಾಡಿ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡಳು. "ಡಾಕ್ಟರಮ್ಮ ಹೇಳಿದ್ರು, ನಾನು ಬಾಯಿ ಬಡ್ಕೊಂಡೆ. ನಿಮಗೆ ಬುದ್ಧಿ ಬರೋಕೆ ಹಜರತ್ ಕತ್ತೇ ಕುಯ್ಯಬೇಕಾಯ್ತಾ ರೀ?"

ಬಡವನನ್ನು ಹುಡುಕಬೇಕಾಗಲಿಲ್ಲ. ಬಸ್ ನಿಲ್ದಾಣದಲ್ಲಿ ಮೂಟೆ ಹೊತ್ತು ಬೆನ್ನು ಬಾಗಿದ ಮುದುಕನೊಬ್ಬನಿದ್ದ, ಎಂಬತ್ತರ ಹತ್ತಿರ. ಮುಪ್ಪಿನಿಂದಾಗಿ ಅವನಿಗೂ ಉಪವಾಸವಿಲ್ಲ. ಕೊಡಲು ಏನೂ ಇಲ್ಲದ್ದರಿಂದ ಫಿದ್ಯಾವೂ ಇಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಪರದೆ ಎಳೆದು ಚಾಚಾ ಅವನ ಮುಂದೆ ತಟ್ಟೆ ಇಟ್ಟ.

"ನಿಂದೆಲ್ಲಿ?" ಎಂದ ಮುದುಕ.

"ನನಗೆ ಹಸಿವಿಲ್ಲ ಅಜ್ಜ." ಸುಳ್ಳು. ಊರೆಲ್ಲ ಉಪವಾಸವಿರುವಾಗ ಹಾಡಹಗಲೇ ಅಗಿಯಲು ಅವನಿಗೆ ನಾಚಿಕೆ.

"ಒಬ್ಬನೇ ಉಣ್ಣೋನಲ್ಲ ನಾನು. ಕೂತ್ಕೋ, ಇಲ್ಲಾಂದ್ರೆ ತಟ್ಟೆ ಎತ್ತು."

ಮುದುಕ ಉಣ್ಣದಿದ್ದರೆ ಫಿದ್ಯಾ ಸಲ್ಲುವುದಿಲ್ಲ. ಚಾಚಾ ಕೂತ. ಮೊದಲ ತುತ್ತು ಗಂಟಲಲ್ಲೇ ನಿಂತಿತು. ಮುದುಕ ನೀರಿನ ಲೋಟ ಸರಿಸಿ, ಸಾರಿಗೆ ಉಪ್ಪು ಕಮ್ಮಿ ಎಂದ. ಎರಡನೆಯ ತುತ್ತು ಇಳಿಯಿತು.

ಹೀಗೆ ತಿಂಗಳು ಕಳೆಯಿತು. ಮುರಿದ ಮೂರನೆಯ ದಿನದ ಬಾಬ್ತು ಒಂದು ಊಟ ಉಳಿದಿತ್ತು, ಅದಕ್ಕೂ ಮುದುಕ ಬಂದ. ಉಂಡು ಕೈ ತೊಳೆದು, "ನಾಳೆ?" ಎಂದ.

"ನಾಳೇದು ಫಿದ್ಯಾ ಅಲ್ಲ" ಎಂದ ಚಾಚಾ. "ಆದರೂ ಹೊತ್ತಿಗೆ ಸರಿಯಾಗಿ ಬಾ ಅಜ್ಜ. ಸೂಜಿ ಚುಚ್ಕೊಂಡು ಕಾಯೋಕಾಗಲ್ಲ."