ಟಗರಿನ ಹೆಸರು ಕೇಳಿ ಮೆಕ್ಕಾದಿಂದ ಬಂದ ಕರೆ

"ಗಂಗಕ್ಕ, ನಿಮ್ ಕುಂಟು ಟಗರಿನ ಹೆಸರೇನು? ಬೇಗ ಹೇಳ್ರಿ!"

ಒಂದು ದಿನ ಬೆಳಗ್ಗೆ ನನ್ನ ಮೊಬೈಲಿನ ವಿಡಿಯೊ ಕರೆಯಲ್ಲಿ ಹೀಗೆ ಅವ್ವನನ್ನು ಕೂಗಿದವರು ಖಾದರಣ್ಣ. ಜವನಗೊಂಡನಹಳ್ಳಿ ಹತ್ತಿರದ ನಮ್ಮ ಮನೆಗೆ ಪ್ರತಿವರ್ಷ ಬಂದು ಟಗರು ಕೊಳ್ಳುವ ವ್ಯಾಪಾರಿ. ಆಗ ಯಾತ್ರಿಕರಂತೆ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ ಸುತ್ತಿಕೊಂಡು ಮೆಕ್ಕಾದಲ್ಲಿದ್ದರು. ಉಮ್ರಾ ಯಾತ್ರೆಗೆ ಹೊರಡುವಾಗ ಪರಿಚಯದವರ ಕೋರಿಕೆಗಳನ್ನೆಲ್ಲ ಬರೆದುಕೊಂಡಿದ್ದರು. ಅವ್ವ ಟಗರಿನ ಕಾಲು ವಾಸಿಯಾಗಲೆಂದು ದುವಾ ಮಾಡಿ ಬೇಡಿಕೊಳ್ಳಲು ಹೇಳಿದ್ದಳು.

"ಮಾರೋ ಟಗರಿಗೆ ಯಾರಪ್ಪ ಹೆಸರಿಡ್ತಾರೆ?" ಎಂದು ನಕ್ಕ ಅವ್ವ, ಅದರ ಕೆಂಪು ಮೈ ನೋಡಿ, "ಕೆಂಚ ಅಂತ ಹೇಳು. ಮೊದ್ಲು ನಿಂದು ಕೇಳ್ಕಳಪ್ಪ" ಎಂದಳು.

"ಹಜ್ ಆದ್ರೆ ಕಡ್ಡಾಯ ಕಣಕ್ಕ. ಈ ಉಮ್ರಾಕ್ಕೆ ನಾನಾಗೇ ಮನಸಾರೆ ಬಂದಿರಾದು. ಮನಸ್ನಾಗಿರೋರೆಲ್ಲ ಜೊತೀಗೇ ಬಂದವ್ರೆ."

ಎರಡು ವಾರದ ಮೇಲೆ ಖಾದರಣ್ಣ ಯಾತ್ರೆ ಮುಗಿಸಿ ಬೋಳಿಸಿದ ತಲೆಯಲ್ಲಿ, ಖರ್ಜೂರ ಹಿಡಿದು ಮನೆಗೆ ಬಂದರು. ಕೆಂಚ ಚಂಗನೆ ನೆಗೆಯುತ್ತಿದ್ದ. ಎಂದಿನ ಅಭ್ಯಾಸದಂತೆ ಅವರ ಕೈ ಅವನ ಬೆನ್ನೊತ್ತಿ ಮಾಂಸ ಎಷ್ಟಿದೆಯೆಂದು ನೋಡತೊಡಗಿತು. ಅವ್ವ ಆ ಕೈ ಸರಿಸಿದಳು.

"ಮೆಕ್ಕಾದಾಗೆ ಹೆಸರು ಹೇಳಿಸ್ಕಂಡು ಬದುಕಿದೋನನ್ನ ಮಾರ್ತೀನಾ?"

"ದುವಾ ಮಾಡಿ ನನ್ ವ್ಯಾಪಾರ ನಾನೇ ಕೆಡಿಸ್ಕಂಡ್ನಲ್ಲಕ್ಕ!" ಎಂದು ಖಾದರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ಅವರು ಬಂದಾಗಲೆಲ್ಲ ಮೊದಲು ಕೆಂಚನಿಗೆ ಸೊಪ್ಪು ತಿನ್ನಿಸುತ್ತಾರೆ. ಆಮೇಲೆ, ಮಿಕ್ಕ ಟಗರುಗಳಿಗಾದರೂ ಹೆಸರಿಡಬೇಡಿ ಎಂದು ಅವ್ವನಿಗೆ ಕೈಮುಗಿಯುತ್ತಾರೆ.