ನಾಯಿಗೆ ಬಹುವಚನ

ಫೋನಿನಲ್ಲಿ ಬಂದದ್ದು ಸುಳ್ಳು. ಸತ್ತ ಗಂಡನೇ ನಾಯಿಯಾಗಿ ಹುಟ್ಟಿ ಬಂದಿದ್ದಾನೆ ಅಂತ ನಮ್ಮ ಓರಗಿತ್ತಿ ಒಂದು ದಿನವೂ ನಂಬಿದವಳಲ್ಲ. ಆ ನಾಯಿಗೆ ಅವಳ ಗಂಡನ ಹೆಸರಿತ್ತು, ಗಂಡನ ಹೆಸರನ್ನು ಅವಳು ಬಾಯಲ್ಲಿ ಎತ್ತುತ್ತಿರಲಿಲ್ಲ. ನಡೆದದ್ದು ಇಷ್ಟೇ. ಇಷ್ಟಕ್ಕೆ ಕಂಡರಿಯದ ಊರಿನ ಜನವೆಲ್ಲ ಕಣ್ಣೀರು ಹಾಕಿದರು.

ಫೋನಿನಲ್ಲಿ ಓಡಾಡಿದ ಆ ವಿಡಿಯೋದಲ್ಲಿ ಅವಳ ಮುಖ ಸರಿಯಾಗಿ ಕಾಣುವುದಿಲ್ಲ, ಕೈ ಕಾಣುತ್ತದೆ. ಬಲಗೈಯ ತೋರುಬೆರಳು ಕುಡುಗೋಲಿನ ಹಾಗೆ ಒಳಕ್ಕೆ ಬಾಗಿತ್ತು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಮುರಿದದ್ದು. ನಾಟಿ ಕಟ್ಟು ಹಾಕಿಸಿದೆವು; ಮೂಳೆ ಕೂಡುವ ಮೊದಲೇ ಅದನ್ನು ಬಿಚ್ಚಿ ಬಿಸಾಡಿ ಮುದ್ದೆ ತೊಳಸಲು ಕೂತಳು. ಬಾಗಿದ್ದು ಬಾಗಿಯೇ ಉಳಿಯಿತು. ಆ ಬೆರಳಲ್ಲಿ ಯಾರನ್ನು ತೋರಿಸಿದರೂ ತನ್ನನ್ನೇ ತೋರಿಸಿಕೊಂಡ ಹಾಗೆ ಆಗುತ್ತಿತ್ತು. ಗಂಡನನ್ನು ಹೆಸರಿನ ಬದಲು ಬೆರಳಿನಲ್ಲಿ ತೋರಿಸುವ ಹೆಂಗಸಿಗೆ ಅದು ದೊಡ್ಡ ಫಜೀತಿಯೇ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಹೊಳೆನರಸೀಪುರದ ಕಡೆಯವಳು. ದುದ್ದದ ಹತ್ತಿರದ ಈ ಮನೆಗೆ ಅವಳು ಮೊದಲು ಬಂದಳು, ನಾನು ಆಮೇಲೆ. ಒಂದೇ ಒಲೆ, ಒಂದೇ ಕೊಟ್ಟಿಗೆ. ಅವಳಿಗೆ ಒಬ್ಬಳೇ ಮಗಳು, ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದೇವೆ. ನಾನು ಏನು ಹೇಳಿದರೂ ಅವಳ ಬಾಯಿಂದ ಮೊದಲು ಬರುತ್ತಿದ್ದದ್ದು "ಅಂಗಲ್ಲ ಕಣೆ". ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದರೆ ಅಂಗಲ್ಲ ಕಣೆ. ಬಸ್ಸು ಹೋಯಿತು ಎಂದರೆ ಅಂಗಲ್ಲ ಕಣೆ. ಬಸ್ಸು ಹೋಗಿರುತ್ತಿತ್ತು, ಇವಳು ರಸ್ತೆ ನೋಡುತ್ತಾ ನಿಂತಿರುತ್ತಿದ್ದಳು. ಅಷ್ಟು ಹಟ.

ಒಂದು ಸಲ ಭಾವನಿಗೆ ಹೊಟ್ಟೆನೋವು ಬಂದು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಚೀಟಿ ಬರೆಯುವ ಹುಡುಗಿ ಪೇಷೆಂಟಿನ ಹೆಸರು ಕೇಳಿದಳು. ಓರಗಿತ್ತಿ ಬೆರಳು ತೋರಿಸಿದಳು.

"ನಿಮ್ಮದಲ್ಲಮ್ಮ, ಪೇಷೆಂಟಿನದು."

ಓರಗಿತ್ತಿ ನನ್ನ ಕಡೆ ತಿರುಗಿದಳು. "ನೀ ಏಳೆ."

ನಾನು ಹೇಗೆ ಹೇಳಲಿ? ನಮ್ಮಲ್ಲಿ ಭಾವನ ಹೆಸರನ್ನು ತಮ್ಮನ ಹೆಂಡತಿಯೂ ಎತ್ತುವುದಿಲ್ಲ. ಭಾವ ಬೆಂಚಿನ ಮೇಲೆ ಮುದುರಿಕೊಂಡು ನರಳುತ್ತಿದ್ದಾರೆ, ಮಾತಾಡುವ ಸ್ಥಿತಿಯಲ್ಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದೆ. ಕೊನೆಗೆ ಸಾಲಿನಲ್ಲಿದ್ದ ಕೊರವಂಗಲದ ಗುರುತಿನವನೊಬ್ಬ ಮುಂದೆ ಬಂದು ಹೆಸರು ಬರೆಸಿದ. ಹುಷಾರಾದ ಮೇಲೆ ಭಾವ ರೇಗಿದರು. "ಲೇ, ನಾನು ಅಲ್ಲೇ ಸತ್ತೋಗಿದ್ರೂ ನೀನು ಎಸ್ರು ಏಳ್ತಿರ್ಲಿಲ್ವಲ್ಲೇ."

"ಸತ್ತೋಗಿದ್ರೆ ಚೀಟಿ ಯಾಕ್ ಬೇಕಿತ್ತು ನಿಮ್ಗೆ?" ಎಂದಳು.

ಹಾಗಂತ ಗಂಡನಿಗೆ ಹೆದರುವವಳಲ್ಲ. ಎದುರಿಗೆ ನಿಂತೇ ಬೈಯುತ್ತಿದ್ದಳು. ಆದರೆ ಬೈಗುಳವೂ ಬಹುವಚನದಲ್ಲಿ. "ನಿಮ್ ಬಾಯಿಗ್ ಮಣ್ಣಾಕ, ಬೀಡಿ ಬಿಸಾಕ್ರಿ ಆಚೆಗೆ" ಅನ್ನುತ್ತಿದ್ದಳು. ಬೀಡಿಯನ್ನು ಅವರು ಬಿಡಲಿಲ್ಲ, ಅದೇ ಅವರನ್ನು ತೆಗೆದುಕೊಂಡು ಹೋಯಿತು.

ಅವರು ಹೋದ ಮರುವರ್ಷ ನಾಯಿ ಬಂತು. ನನ್ನ ಸೊಸೆಯ ತಮ್ಮ ಅರಕಲಗೂಡಿನಲ್ಲಿದ್ದಾನೆ. ಫೋನಿನಲ್ಲಿ ಫೋಟೋ ನೋಡಿ ಆ ನಾಯಿ ತರಿಸಿದ್ದ. ಕಂದು ಬಣ್ಣ, ಜೋಲು ಕಿವಿ, ಕೂತಲ್ಲೆಲ್ಲ ಕೂದಲು. ಆಮೇಲೆ ಬೇರೆ ಬಾಡಿಗೆ ಮನೆಗೆ ಹೋದ, ಆ ಮಾಲೀಕ ನಾಯಿ ಬೇಡ ಎಂದ. ಸೊಸೆ ನಮ್ಮನ್ನು ಒಂದು ಮಾತು ಕೇಳದೆ ಕಾರಿನಲ್ಲಿ ಹಾಕಿಕೊಂಡು ಬಂದಳು. ಅಂಗಳದಲ್ಲಿ ಬಾಗಿಲು ತೆಗೆದು ಅದರ ಹೆಸರು ಹಿಡಿದು ಕೂಗಿದಳು. ಜಗಲಿಯಲ್ಲಿ ರಾಗಿ ಕೇರುತ್ತಿದ್ದ ಓರಗಿತ್ತಿ ದಡಕ್ಕನೆ ಎದ್ದು ತಲೆಗೆ ಸೆರಗು ಹೊದ್ದಳು. ನಮ್ಮತ್ತೆ ತನ್ನ ದೊಡ್ಡ ಮಗನನ್ನು ಕರೆಯುತ್ತಿದ್ದದ್ದು ಅದೇ ಎರಡಕ್ಷರದಲ್ಲಿ.

ಸೊಸೆಗೆ ಆ ಮುದ್ದಿನ ಹೆಸರು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಟೈಗರ್ ಎಂದು ಕರೆದು ನೋಡಿದಳು, ಜಿಮ್ಮಿ ಎಂದಳು. ನಾಯಿ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅನ್ನುವ ಹಾಗೆ ಬೀದಿ ನೋಡುತ್ತಿತ್ತು.

ಅದಕ್ಕೆ ಅನ್ನ ಹಾಕುವ ಕೆಲಸ ಓರಗಿತ್ತಿಯ ತಲೆಗೇ ಬಂತು, ನನಗೆ ಹಸುಗಳೇ ಸಾಕು ಎಂದಿದ್ದೆ. ಎರಡು ದಿನ ತಟ್ಟೆ ಕುಟ್ಟಿ ಕರೆದಳು. ಆಮೇಲೆ ಒಂದು ಬೆಳಿಗ್ಗೆ ನನ್ನ ಕಿವಿಗೆ ಬಿತ್ತು: "ಇಕಾ, ಬನ್ನಿ. ಉಣ್ಣಿ."

ಯಾರಪ್ಪ ನೆಂಟರು ಬಂದರು ಅಂತ ನಾನು ಒಳಗಿಂದ ಬಂದು ನೋಡಿದರೆ ನಾಯಿ.

"ನಿಂಗೇನ್ ಬಂದೈತಕ್ಕ? ನಾಯಿಗೆ ಬನ್ನಿ ಓಗಿ ಅಂತೀಯಲ್ಲ."

"ಅಂಗಲ್ಲ ಕಣೆ. ಮರ್ವಾದೆ ನಾಯಿಗಲ್ಲ, ಎಸ್ರಿಗೆ. ಆ ಎಸ್ರು ಇಟ್ಕಂಡಿರೋದ್ನ ಓಗೋ ಬಾರೋ ಅನ್ನಕಾದದಾ?"

ನಾನು ನಕ್ಕೆ, ಸೊಸೆ ನಕ್ಕಳು. ಸ್ವಲ್ಪ ದಿನಕ್ಕೆ ಅದು ನಮ್ಮ ಕಿವಿಗೂ ಒಗ್ಗಿಹೋಯಿತು. "ಆಚೆ ಓಗಿ, ಈಗ್ತಾನೇ ಸಾರಿಸಿವ್ನಿ", "ಕೋಳಿ ಮುಟ್ಟುದ್ರೆ ಕಾಲ್ ಮುರಿತೀನಿ ನಿಮ್ಗೆ", ಹೀಗೆ ದಿನವೆಲ್ಲ ನಡೆಯುತ್ತಿತ್ತು.

ಸೊಸೆ ಒಂದು ದಿನ ಇದನ್ನು ಫೋನಿನಲ್ಲಿ ತೆಗೆದು ನೆಂಟರ ಗುಂಪಿಗೆ ಹಾಕಿದಳು. ನಗಲಿ ಅಂತ ಹಾಕಿದ್ದು. ಅಲ್ಲಿಂದ ಯಾರು ಎತ್ತಿಕೊಂಡರೋ. ಓರಗಿತ್ತಿಯ ತಮ್ಮನ ಮಗ ಹೊಳೆನರಸೀಪುರದಿಂದ ಫೋನ್ ಮಾಡಿ, "ಅತ್ತೆ, ನೀನು ಫೇಮಸ್ ಆಗ್ಬುಟ್ಟೆ" ಎಂದಾಗಲೇ ನಮಗೆ ತಿಳಿದದ್ದು. ವಿಡಿಯೋ ಹಿಂದೆ ಅಳುವ ಪಿಟೀಲು ಹಾಕಿದ್ದರು. ಮೇಲೆ, ನಾಯಿಯಾಗಿ ಮರಳಿ ಬಂದ ಪತಿ, ಅಜ್ಜಿಯ ನಿಜವಾದ ಪ್ರೀತಿ ಅಂತ ಬರೆದಿದ್ದರು.

ಓರಗಿತ್ತಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಕೂಡಿಸಿ ಓದುವಷ್ಟು ಬರುತ್ತದೆ. ಕೆಳಗೆ ಜನ ಬರೆದದ್ದನ್ನು ಓದು ಎಂದಳು.

"ನೋಡಿ ಅಳು ತಡೆಯಕ್ಕಾಗ್ಲಿಲ್ಲ ಅಂತ ಒಬ್ಳು ಬರ್ದವ್ಳೆ."

"ಯಾಕಂತೆ?"

"ನಿಮ್ಮಿಬ್ರ ಪ್ರೀತಿ ನೋಡಿ."

"ಆಯಮ್ಮಂಗೇನ್ ಗೊತ್ತು? ಅವ್ರು ಒಂದಿನ ನನ್ ಜತೆ ಕೂತ್ಕಂಡು ಕಾಪಿ ಕುಡುದಿಲ್ಲ. ಮುಂದುಕ್ಕೋದು."

ಮುಂದೆ ಕೊಳಕು ಮಾತುಗಳಿದ್ದವು. ಅಕ್ಷರ ಸಣ್ಣದು, ಕಣ್ಣು ಕಾಣುತ್ತಿಲ್ಲ ಎಂದು ಫೋನು ಸೊಸೆಗೆ ಕೊಟ್ಟೆ.

ಆಮೇಲೆ ಚನ್ನರಾಯಪಟ್ಟಣದಿಂದ ಒಬ್ಬ ಬಂದ, ಕೋಲಿಗೆ ಫೋನು ಸಿಕ್ಕಿಸಿಕೊಂಡು. ಓರಗಿತ್ತಿ ಬನ್ನಿ, ಕೂತ್ಕಳಿ ಎಂದು ಚಾಪೆ ಹಾಕಿದಳು.

"ನಿಮ್ಮ ಯಜಮಾನ್ರೇ ಇವರು ಅಂತ ಯಾವಾಗ ಗೊತ್ತಾಯ್ತಜ್ಜಿ?"

"ಇದು ಅರಕಲಗೂಡ್ನಿಂದ ಬಂದಿರೋ ನಾಯಿ ಕಣಪ್ಪ."

"ಮತ್ತೆ ಬನ್ನಿ ಅಂತೀರಲ್ಲ?"

"ನಿಂಗೂ ಬನ್ನಿ ಅಂದೆ. ನೀನೇನ್ ನನ್ ಗಂಡನಾ?"

ಆ ಮಾತೊಂದನ್ನು ಮಾತ್ರ ಅವನು ಹಾಕಲಿಲ್ಲ.

ನಗುವ ಜನ ನಗಲಿ, ನನಗೇನು. ಡೈರಿಯಲ್ಲಿ ಹಾಲು ಹಾಕುವಾಗ "ನಿಮ್ಮಕ್ಕನ್ ಯಜಮಾನ್ರು ಚೆನ್ನಾಗವ್ರಾ?" ಎಂದವನಿಗೆ, "ನಿಮ್ಮಪ್ಪ ಎಲ್ ಉಟ್ಟವ್ನೋ ಉಡುಕ್ಕೋಗು" ಅಂದು ಬಂದೆ. ಕಷ್ಟವಾದದ್ದು ಓರಗಿತ್ತಿಯ ಮಗಳಿಗೆ. ಅವಳು ಫೋನ್ ಮಾಡಿದಳು.

"ಅವ್ವ, ನಮ್ಮೋರು ಕೆಲ್ಸಕ್ಕೋದ್ರೆ ನಿಮ್ಮಾವ ಚೆನ್ನಾಗ್ ಬೊಗುಳ್ತಾರಾ ಅಂತ ಕೇಳ್ತಾರಂತೆ. ನಮ್ಮಪ್ಪನ್ನ ನಾಯಿ ಮಾಡ್ಬುಟ್ಟೆ ನೀನು. ಅದುನ್ನ ಎಸ್ರಿಟ್ಟು ಕರಿ, ಓಗೋ ಬಾರೋ ಅನ್ನು. ಇಲ್ಲ ಅಂದ್ರೆ ಎಲ್ಲಾರ ಸಾಗಾಕು. ಎರಡೂ ಆಗಲ್ಲ ಅಂದ್ರೆ ನಾನು ಆ ಮನೆ ಒಸ್ಲು ತುಳಿಯಲ್ಲ."

"ಅಂಗಲ್ಲ ಕಣವ್ವ" ಎಂದಳು ಓರಗಿತ್ತಿ. ಆ ಕಡೆ ಫೋನು ಇಟ್ಟಾಗಿತ್ತು.

ಸಾಗಹಾಕು ಅಂತ ನಾನೂ ಹೇಳಿದೆ. "ಒಂದ್ಸಲ ಮನೆ ಬಿಟ್ ಬಂದೈತೆ. ಇನ್ನೊಂದ್ಸಲ ನಾ ಬಿಡ್ಸಲ್ಲ" ಎಂದಳು. ಸರಿ, ಹೆಸರು ಹಿಡಿದು ಕರಿ ಎಂದೆ. ಮೊರ ಎತ್ತಿಕೊಂಡು ರಾಗಿ ಕೇರಲು ಕೂತಳು.

ಗೌರಿ ಹಬ್ಬ ಬಂತು. ಮೊರಕ್ಕೆ ಅರಿಶಿನ ಬಳಿದು, ಬಳೆ, ಕಣ, ಬೇಳೆ, ಬೆಲ್ಲ ಎಲ್ಲ ಇಟ್ಟು ಮಗಳ ಬಾಗಿನ ಸಿದ್ಧ ಮಾಡಿದಳು. ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಹೋಗಿ ಬರುತ್ತಿದ್ದಳು. ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿಸದ ಮಗಳು ಬರಲಿಲ್ಲ. ನನಗೆ ಮೈ ಉರಿಯಿತು.

"ಎರಡಕ್ಷರ ಕಣಕ್ಕ. ಒಂದೇ ಒಂದ್ಸಲ ಅಂದ್ಬುಡು. ಸೊಸೆ ಕೈಲಿ ತೆಗ್ಸಿ ಈಗ್ಲೇ ಅವಳ್ಗೆ ಕಳಿಸ್ತೀನಿ. ಸಂಜೆ ಬಸ್ಸಿಗಾದ್ರೂ ಬತ್ತಾಳೆ."

ನಾಯಿ ಅವಳ ಮುಂದೆಯೇ ಕೂತಿತ್ತು. ಬಾಯಿ ತೆರೆದಳು. ತುಟಿ ಅಲ್ಲಾಡಿತು. ಆಮೇಲೆ ಕೆಮ್ಮು ಬಂದವಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ಕೊಟ್ಟಿಗೆಗೆ ಹೋದಳು. ನೆನೆಸಿಕೊಂಡರೆ ನನಗೆ ಇವತ್ತಿಗೂ ಸಿಟ್ಟು. ಮಗಳಿಗಿಂತ ಹೆಚ್ಚಾ ಎರಡಕ್ಷರ? ಗಂಡ ಬದುಕಿದ್ದಾಗ ಅವರಿಂದ ಸುಖ ಕಂಡಿದ್ದರೆ ಅದೊಂದು ಲೆಕ್ಕ. ಅದೂ ಇಲ್ಲ.

ದೀಪಾವಳಿ ಕಳೆದು ಚಳಿ ಹಿಡಿಯಿತು. ಓರಗಿತ್ತಿಯ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ನಡಿ ಎಂದರೆ ಅಂಗಲ್ಲ ಕಣೆ. ಮಗಳಿಗೆ ಹೇಳೋಣ ಎಂದರೆ ಅಂಗಲ್ಲ ಕಣೆ, ವಾಸಿ ಆದ್ಮೇಲೆ ನಾನೇ ಓಯ್ತೀನಿ. ಒಂದು ಮಧ್ಯಾಹ್ನ ಜಗಲಿಯ ಮಂಚದ ಮೇಲೆ ಬಿಸಿಲಿಗೆ ಮಲಗಿದ್ದವಳು ಏಳಲಿಲ್ಲ. ನಾನು ಕಾಫಿ ತಂದು ಎಬ್ಬಿಸುವಾಗ ಕೈ ತಣ್ಣಗಿತ್ತು. ಮಂಚದ ಕೆಳಗೆ ನಾಯಿ ನಿದ್ದೆ ಮಾಡುತ್ತಿತ್ತು. ಅದಕ್ಕೂ ಗೊತ್ತಾಗಲಿಲ್ಲ, ಅಳುವ ಪಿಟೀಲು ಹಾಕಿದವರು ಇದನ್ನು ಕೇಳಿಸಿಕೊಳ್ಳಲಿ.

ಮಗಳು ಬಂದು ಬಿದ್ದು ಅತ್ತಳು. ಮಾತಾಡದೆ ಕಳಿಸಿಬಿಟ್ಟೆನಲ್ಲವ್ವ ಎಂದು ಅತ್ತಳು. ಗೌರಿ ದಿನ ಬಂದಿದ್ದರೆ ಆಗುತ್ತಿತ್ತು ಎಂದು ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ತಿಥಿಯವರೆಗೆ ಇಲ್ಲೇ ಉಳಿದಳು. ತಿಥಿಯ ಊಟ ಮುಗಿದು ಪಾತ್ರೆ ಉಜ್ಜುವಾಗ ಹೇಳಿದಳು.

"ಚಿಕ್ಕವ್ವ, ಇನ್ನ ಆ ನಾಯಿ ಯಾಕೆ? ನಾಳೆ ಕಾರಲ್ಲಿ ತಕಂಡೋಗಿ ಎಲ್ಲಾರ ಬಿಟ್ಬರ್ಲಿ."

"ಎಸ್ರಿಟ್ಟು ಕರುದ್ರೆ ಇರ್ಬೋದು ಅಂದಿದ್ಯಲ್ಲ ನೀನು?"

"ಕರೆಯೋರ್ಯಾರು?"

"ನಾನು."

ಅವಳು ನನ್ನ ಮುಖ ನೋಡಿ ಪಾತ್ರೆ ತೊಳೆಯುವುದಕ್ಕೆ ತಿರುಗಿದಳು. ನಾಯಿಯ ಮೇಲೆ ನನಗೆ ಮೋಹವಿಲ್ಲ. ಆದರೆ ಓರಗಿತ್ತಿ ಮಗಳನ್ನೇ ಬಿಟ್ಟು ಉಳಿಸಿಕೊಂಡದ್ದನ್ನು ಅವಳ ತಿಥಿಯ ಮಾರನೇ ದಿನ ರಸ್ತೆಗೆ ಬಿಡುವುದು ನನ್ನಿಂದ ಆಗದು.

ಮಾರನೇ ದಿನ ಬೆಳಿಗ್ಗೆ ಹಾಲು ಕರೆದು, ತಂಗಳು ಮುದ್ದೆಯನ್ನು ಹಾಲಿನಲ್ಲಿ ಕಿವುಚಿ, ತಟ್ಟೆ ಹಿಡಿದು ಅಂಗಳದಲ್ಲಿ ನಿಂತೆ. ಮಗಳು ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದಳು. ನಾಯಿ ಜಗಲಿಯ ಮಂಚದ ಕೆಳಗಿತ್ತು. "ಲೇ" ಎಂದು ಶುರು ಮಾಡಿ ಭಾವನ ಹೆಸರು ಹಿಡಿದು ಕೂಗಿದೆ. ಈ ಮನೆಗೆ ಬಂದ ಮೇಲೆ ಮೊದಲನೇ ಸಲ. ಇಲ್ಲಿ ಹೇಳುವುದಿಲ್ಲ, ಕೂಗಿದ್ದೇ ಸಾಕು. "ಬಾರೋ, ಬಂದ್ ನೆಕ್ಕು ಬಾ" ಎಂದೆ. ನಾಯಿ ಒಂದು ಕಿವಿ ಎತ್ತಿತು, ಏಳಲಿಲ್ಲ. ನನಗೆ ರೇಗಿತು. ಇನ್ನೊಂದು ಸಲ ಕೂಗಿದೆ, ಬೀದಿಗೆ ಕೇಳುವ ಹಾಗೆ, ಹೆಸರಿನ ಹಿಂದೆ ಎರಡು ಬೈಗುಳ ಸೇರಿಸಿ. ಎದುರು ಮನೆಯವರು ಕಸ ಗುಡಿಸುವುದನ್ನು ನಿಲ್ಲಿಸಿದರು.

ಮಗಳ ಕೈಯಿಂದ ಚೊಂಬು ಬಿತ್ತು. "ಚಿಕ್ಕವ್ವ, ಸುಮ್ಕಿರು."

"ಯಾಕೆ? ನೀನೇ ಅಲ್ವಾ ಏಳಿದ್ದು?"

"ನಮ್ಮಪ್ಪನ್ ಎಸ್ರು ಅದು."

"ನಾಯಿ ಎಸ್ರೂ ಅದೇ."

ಬಾಯಲ್ಲಿದ್ದ ನೊರೆಯನ್ನೂ ಉಗಿಯದೆ ನಿಂತಿದ್ದಳು. ಕಣ್ಣು ತುಂಬಿತ್ತು. "ಅಂಗ್ ಕರೀಬ್ಯಾಡ" ಎಂದಳು.

"ಮತ್ತೆಂಗ್ ಕರೀಲಿ? ನೀನೇ ಏಳು."

ಅವಳ ಬಾಯಿಂದ ಏನು ಬರುತ್ತದೆ ಎಂದು ಕಾಯುತ್ತಾ ನಿಲ್ಲಲು ನನಗೆ ಪುರಸೊತ್ತಿರಲಿಲ್ಲ, ಡೈರಿಗೆ ಹೊತ್ತಾಗಿತ್ತು. ತಟ್ಟೆಯನ್ನು ಅವಳ ಕೈಗೆ ಕೊಟ್ಟು, ಹಾಲಿನ ಕ್ಯಾನು ಎತ್ತಿಕೊಂಡು ನಡೆದೆ.