ಕೊಟ್ರಬಸಪ್ಪನ ಹೆಬ್ಬಾತು

ಕಟ್ಟಿಕೊಂಡ ಹೆಂಡತಿಯ ಮೇಲೆ ಮೂವತ್ತು ವರ್ಷದಲ್ಲಿ ಒಮ್ಮೆಯೂ ಸಂಶಯಪಡದ ಮುನಿರಾಬಾದಿನ ಕೊಟ್ರಬಸಪ್ಪ ಒಂದು ಹೆಬ್ಬಾತಿನ ಮೇಲೆ ಸಂಶಯಪಟ್ಟ. ನಗಬೇಡಿ! ಹೊಟ್ಟೆಕಿಚ್ಚು ಮನುಷ್ಯರನ್ನೇ ಹುಡುಕಿಕೊಂಡು ಬರಬೇಕೆಂದೇನೂ ಇಲ್ಲ.

ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ನೀರಗಂಟಿಯಾಗಿದ್ದ ಅವನಿಗೆ ನಿವೃತ್ತಿಯಾದ ಮೇಲೆ ಉಳಿದ ಕೆಲಸ ಒಂದೇ, ಜಲಾಶಯದ ಹಿನ್ನೀರಿನ ದಂಡೆಯಲ್ಲಿ ಕೂರುವುದು. ಚಳಿ ಬಿತ್ತೆಂದರೆ ಮಂಗೋಲಿಯಾದಿಂದ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತವೆ. ದಂಡೆಯ ಹಸಿರು ಮೇಯ್ದು, ಬೇಸಿಗೆ ಕಾಲಿಡುತ್ತಲೇ ಹಿಂದಿರುಗುತ್ತವೆ. ಅವುಗಳಲ್ಲೊಂದಕ್ಕೆ ಕೊರಳಲ್ಲಿ ಹಸಿರು ಪಟ್ಟಿ, ಅದರ ಮೇಲೆ ನಂಬರು. ಮಂಗೋಲಿಯಾದವರು ಗುರುತಿಗೆ ಹಾಕಿದ್ದು. ಉಳಿದವು ಹೆದರಿ ದೂರ ಸರಿದರೂ ಅದು ಮಾತ್ರ ಕತ್ತೆತ್ತಿ ಇವನನ್ನು ನೋಡಿ ಮತ್ತೆ ಮೇಯುತ್ತಿತ್ತು. ಐದು ಚಳಿಗಾಲ ಹೀಗೇ ಕಳೆದಿದ್ದವು. ಅಷ್ಟಕ್ಕೇ ಕೊಟ್ರಬಸಪ್ಪ ಅದನ್ನು ‘ನಮ್ಮಾಕಿ’ ಎನ್ನತೊಡಗಿದ.

ಈ ವರ್ಷ ಜನವರಿ ಮುಗಿಯುತ್ತ ಬಂದರೂ ಅವಳ ಸುಳಿವಿಲ್ಲ. ಆಗ ಹಕ್ಕಿಗಳ ಫೋಟೋ ತೆಗೆಯುವ ತಾಹೇರ ಮೊಬೈಲ್ ಹಿಡಿದು ಬಂದ.

“ಕಾಕಾರ, ನಿಮ್ಮಾಕಿ ಕುಕನೂರ ಕಡಿ ಅದಾಳ ನೋಡ್ರಿ. ಕೆರಿ ಮಗ್ಗಲಾ ಜಿಲಾನಸಾಬರ ಕಡ್ಲಿ ಹೊಲದಾಗ ಮೇಯಾಕತ್ತಾಳ.”

ಕೊಟ್ರಬಸಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಅಂದು ರಾತ್ರಿ ತಾಟಿನ ರೊಟ್ಟಿ ಮುಟ್ಟದೆ ಕೂತ.

“ಸವತಿ ಬಂದ್ಲಂತ ನಾ ಅಳಬೇಕು. ನೀವ್ಯಾಕ ಮಾರಿ ಸಣ್ಣದ್ ಮಾಡ್ಕೊಂಡ್ ಕುಂತೀರಿ? ಅದಕ್ಕೇನ್ ತಾಳಿ ಕಟ್ಟೀರೇನು?” ಎಂದು ಹೆಂಡತಿ ವಿರೂಪಾಕ್ಷಮ್ಮ ಚುಚ್ಚಿದಳು.

ಮರುದಿನವೇ ಕುಕನೂರಿನ ಬಸ್ಸು ಹತ್ತಿದ. ಜಿಲಾನಸಾಬ ಕೆಟ್ಟವನಾಗಿದ್ದರೆ ಚೆನ್ನಾಗಿತ್ತು, ಹಾಳಾದವ ಒಳ್ಳೆಯ ಮುದುಕ! ಹಕ್ಕಿ ಓಡಿಸುವ ತಗಡಿನ ಡಬ್ಬಿಯನ್ನು ಗೂಟಕ್ಕೆ ನೇತುಹಾಕಿ, ಕೆರೆಯ ಕಡೆಯ ನಾಲ್ಕು ಸಾಲು ಕಡಲೆಯನ್ನು ಹೆಬ್ಬಾತುಗಳಿಗೇ ಬಿಟ್ಟಿದ್ದ.

“ಪಟ್ಟಿ ಹಾಕ್ಕೊಂಡಾಕಿ ನನ್ನ ಮಗಳಿದ್ದಂಗ್ರಿ. ಮೂರು ವರ್ಷದಿಂದ ಬರಾಕತ್ತಾಳ” ಎಂದು, ಹಿನ್ನೀರಿನ ಕಡೆಯಿಂದ ಹಕ್ಕಿ ನೋಡಲು ಬಂದೆನೆಂದ ಇವನಿಗೆ ಹೇಳಿದ.

ಮೂರು ವರ್ಷ! ಅಂದರೆ ತನ್ನೆದುರು ಮೇಯುತ್ತಲೇ ನಡುನಡುವೆ ಇಲ್ಲಿಗೂ ಬರುತ್ತಿದ್ದಳು. ಕೊಟ್ರಬಸಪ್ಪನಿಗೆ ಮೈಯೆಲ್ಲ ಉರಿದುಹೋಯಿತು.

ಜಿಲಾನಸಾಬ ಚಹಾ ತರಲು ಗುಡಿಸಲಿಗೆ ಹೋದ. ಅವಳು ಇವನತ್ತ ಕತ್ತೆತ್ತಿಯೂ ನೋಡದೆ ಮೇಯುತ್ತಿದ್ದಳು. ಇಲ್ಲಿಂದ ಎಬ್ಬಿಸಿದರೆ ಹಿನ್ನೀರಿಗಲ್ಲದೆ ಇನ್ನೆಲ್ಲಿಗೆ ಹೋದಾಳು ಎಂದುಕೊಂಡ ಕೊಟ್ರಬಸಪ್ಪ, ಡಬ್ಬಿ ಕಿತ್ತುಕೊಂಡು ಧಡಧಡ ಬಡಿದ. ಹಿಂಡಿಗೆ ಹಿಂಡೇ ಕೂಗುತ್ತ ಎದ್ದು ಗುಡ್ಡದಾಚೆ ಮರೆಯಾಯಿತು.

“ಏನಾತ್ರಿ?” ಎಂದು ಮುದುಕ ಓಡಿ ಬಂದ.

“ನಾಯಿ ಬಂದಿತ್ರಿ. ಆಕಿ ಮ್ಯಾಲ ಬೀಳಾಕ ಹೊಂಟಿತ್ತು. ಓಡಿಸಾಕ ಡಬ್ಬಿ ಬಡದೆ.”

ಜಿಲಾನಸಾಬ ಅವನ ಎರಡೂ ಕೈ ಹಿಡಿದುಕೊಂಡ. “ದೇವ್ರು ಬಂದಂಗ ಬಂದ್ರಿ ನೋಡ್ರಿ. ನಿಮ್ಮ ನಂಬರ್ ಕೊಟ್ಟು ಹೋಗ್ರಿ.”

ಹದಿನೈದು ದಿನ ಕಳೆದವು. ಅವಳು ಹಿನ್ನೀರಿಗೆ ಬರಲಿಲ್ಲ, ಕುಕನೂರಿನ ಕಡೆಗೂ ಹೋಗಲಿಲ್ಲ. ಕೊಟ್ರಬಸಪ್ಪ ದಿನವೂ ದಂಡೆ ಸುತ್ತಿ ಸೋತ. ಒಂದು ಮಧ್ಯಾಹ್ನ ಅಲ್ಲಿಯೇ ಕೂತಿದ್ದಾಗ ಜಿಲಾನಸಾಬನ ಫೋನ್ ಬಂತು.

“ಅಣ್ಣಾರ, ಮಗಳು ನಿಮ್ಮ ಕಡಿ ಬಂದಾಳೇನ್ರಿ?”

ಎದುರಿಗೆ ಬರೀ ನೀರು. ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. “ಬಂದಾಳ್ರಿ, ಇಲ್ಲೇ ಅದಾಳ” ಎಂದುಬಿಟ್ಟ.

“ಯಾ ಅಲ್ಲಾ! ಹದಿನೈದು ದಿನ ನಿದ್ದಿ ಇಲ್ರಿ ನನಗ. ಇಲ್ಲಿ ಬರದಿದ್ರ ಬಿಡ್ರಿ. ನಿಮ್ಮ ಹತ್ರನ ಹೊಟ್ಟಿ ತುಂಬ ಮೇಯ್ಲಿ.”

ಕೊಟ್ರಬಸಪ್ಪ ಫೋನ್ ಕಿವಿಗೆ ಒತ್ತಿಕೊಂಡೇ ಕೂತ. ಇಷ್ಟು ದಿನ ಹಕ್ಕಿ ಮುದುಕನ ಹೊಲಕ್ಕೆ ಹೋಯಿತೆಂದು ಉರಿದಿದ್ದ. ಈಗ, ‘ನಿಮ್ಮ ಹತ್ರನ ಮೇಯ್ಲಿ’ ಎಂಬ ಆ ಮಾತು ತನ್ನ ಬಾಯಲ್ಲಿ ಯಾಕೆ ಬರಲಿಲ್ಲವೆಂದು ಉರಿಯತೊಡಗಿದ.